ನೆರೆಯವರ ಮೂಲೆ

ಕಡಲ ದಂಡೆಯ ಮೂರು ಏಡಿಗಳಿಗೆ ತಮ್ಮ ಪಕ್ಕಪಕ್ಕದ ಬಿಲಗಳೇ ಮೂರು ರಾಜ್ಯಗಳು. ಆಪತ್ತಿಗೆ ಇರಲೆಂದು ಪ್ರತಿ ಬಿಲದಲ್ಲೂ ನೆರೆಯವರಿಗಾಗಿ ಒಂದು ಮೂಲೆ ಖಾಲಿ ಇಡಬೇಕೆಂಬುದು ಅವುಗಳ ಒಪ್ಪಂದ. ಆಪತ್ತೇನೂ ಬರಲಿಲ್ಲವಲ್ಲ ಎಂದು ಕೆಂಚಿ ಏಡಿ ಆ ಮೂಲೆಯಲ್ಲಿ ಚಂದದ ಚಿಪ್ಪುಗಳನ್ನು ತುಂಬಿಟ್ಟಿತ್ತು.

ಒಂದು ದಿನ ಅಲೆ ಬಡಿದು ನೆರೆಯ ಏಡಿ ಬೊಳ್ಳಿಯ ಬಿಲ ಕುಸಿಯಿತು. ಮೇಲೆ ಹದ್ದು ಸುತ್ತುತ್ತಿತ್ತು.

"ಅಕ್ಕಾ, ಜಾಗ ಕೊಡೇ!" ಎಂದು ಬೊಳ್ಳಿ ಓಡಿ ಬಂತು.

ಕೆಂಚಿ ಮೂಲೆಯ ಚಿಪ್ಪುಗಳನ್ನೆಲ್ಲ ಹೊರಗೆ ದಬ್ಬಿ ಬೊಳ್ಳಿಯನ್ನು ಒಳಗೆಳೆದುಕೊಂಡಿತು. ಹದ್ದಿಗೆ ಸಿಕ್ಕಿದ್ದು ಬರೀ ಚಿಪ್ಪು.

"ನಿನ್ನ ಜಾಗವನ್ನು ನಾನೇ ನುಂಗಿದ್ದೆ, ತಪ್ಪಾಯಿತು ತಂಗೀ."

ಬೊಳ್ಳಿ ಕಣ್ಣು ತಗ್ಗಿಸಿತು. "ನನ್ನ ಬಿಲದಲ್ಲಿ ನಿನ್ನ ಜಾಗದಲ್ಲೂ ಚಿಪ್ಪೇ ತುಂಬಿತ್ತು ಅಕ್ಕಾ."

ನೀರು ಇಳಿದ ಮೇಲೆ ಮೂರೂ ಏಡಿಗಳು ಸೇರಿ ಬೊಳ್ಳಿಗೆ ಹೊಸ ಬಿಲ ತೋಡಿದವು. ಮೊದಲು ತೋಡಿದ್ದು ನೆರೆಯವರ ಮೂಲೆಯನ್ನು.