ಸಿಳ್ಳಾರ ಹಕ್ಕಿ ನೆಲಕ್ಕಿಳಿದದ್ದು

ಭೂಮಿಗೆ ಬೆಂಕಿ ಇನ್ನೂ ಹೊಸಬನಾಗಿದ್ದ ಕಾಲ. ಎಲ್ಲಿಗೆ ಹೋಗಬೇಕು, ಎಷ್ಟು ತಿನ್ನಬೇಕು ಅಂತ ಅವನಿಗೇ ಗೊತ್ತಿರಲಿಲ್ಲ.

ಆಗ ಸಿಳ್ಳಾರ ಹಕ್ಕಿಯ ಮೈಯೆಲ್ಲ ಬೆಳ್ಳಗಿತ್ತು. ಮತ್ತಿಮರದ ತುದಿಯಲ್ಲಿ ಕೂತು ಸಿಳ್ಳೆ ಹಾಕೋದೇ ಅದರ ಕೆಲಸ. ನೆಲ ಮುಟ್ಟಿದರೆ ಕಾಲು ಕೊಳೆಯಾಗುತ್ತೆ ಅನ್ನೋ ಜಂಬ ಬೇರೆ.

ಅದೇ ಮರದ ಬುಡದಲ್ಲಿ ಆಮೆಯಕ್ಕ ಮಣ್ಣು ತೋಡಿ ಮೊಟ್ಟೆ ಇಟ್ಟಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಬೆಂಕಿ ಕಾಡಿಗೆ ಬಂದ. ತರಗೆಲೆ ಕಂಡವನೇ ಚಟಚಟ ತಿನ್ನುತ್ತಾ ಹೊರಟ. ಜಿಂಕೆ ಓಡಿತು. ಮೊಲ ಓಡಿತು. ಗಿಳಿಗಳು ಹಾರಿದವು.

"ಆಮೆಯಕ್ಕಾ, ಓಡೇ!" ಎಂದು ಸಿಳ್ಳಾರ ಮೇಲಿನಿಂದ ಕೂಗಿತು.

"ನಾನು ಓಡೋದಾ? ನನ್ನ ನಡಿಗೆ ನೋಡಿ ನಗ್ತಿದ್ದವಳು ನೀನೇ ಅಲ್ವೇನೇ? ಹೋಗಲಿ, ಮೊಟ್ಟೆಗಳಿಗೆ ಕಾಲು ಎಲ್ಲಿಂದ ತರಲಿ?"

ಸಿಳ್ಳಾರ ನೇರ ಬೆಂಕಿಯ ಎದುರಿಗೇ ಹಾರಿತು.

"ಅಣ್ಣಾ, ಆ ಮತ್ತಿಮರದ ಕಡೆ ಬರಬೇಡ."

"ಹಸಿವು ಮಾರಾಯ್ತಿ. ತರಗೆಲೆ ಇದ್ದ ಕಡೆ ಬರ್ತೀನಿ."

"ತರಗೆಲೆ ಇಲ್ಲದಿದ್ದರೆ?"

"ಬರೀ ಮಣ್ಣು ತಿನ್ನೋಕೆ ನಾನೇನು ಎರೆಹುಳವಾ?" ಬೆಂಕಿ ಭುಗ್ಗನೆ ನಕ್ಕ.

ಅಷ್ಟು ಸಾಕಾಯ್ತು. ಸಿಳ್ಳಾರ ಸರ್ರನೆ ನೆಲಕ್ಕಿಳಿಯಿತು. ಆಮೆಯಕ್ಕನ ಸುತ್ತ ಬಿದ್ದಿದ್ದ ತರಗೆಲೆಗಳನ್ನು ಕೊಕ್ಕಿನಿಂದ ಎತ್ತಿ ಎತ್ತಿ ಆಚೆ ಎಸೆಯಿತು. ಮರ ಮತ್ತೆ ಎಲೆ ಉದುರಿಸಿತು.

"ಬೇಕಂತ ಅಲ್ಲ ಕಣೇ, ಬೇಸಿಗೆ!" ಎಂದು ಮರ ಗೋಳಾಡಿತು.

ಸಿಳ್ಳಾರ ಅದನ್ನೂ ಎತ್ತಿ ಎಸೆಯಿತು.

ಆಮೆಯಕ್ಕನ ಸುತ್ತ ಬರೀ ಮಣ್ಣಿನ ಬಳೆಯೊಂದು ಮೂಡಿತು. ಬೆಂಕಿ ಬಂದ, ಬಳೆಯಂಚಿನಲ್ಲಿ ನಿಂತ, ಮೂಸಿದ. ಅಷ್ಟರಲ್ಲಿ ಉರಿಯುವ ಎಲೆಯೊಂದು ಗಾಳಿಗೆ ತೇಲಿ ಮೊಟ್ಟೆಗಳ ಪಕ್ಕದಲ್ಲೇ ಬಿತ್ತು. ಕೊಕ್ಕಿಗೆ ಸಿಗಲಿಲ್ಲ. ಸಿಳ್ಳಾರ ತಲೆ ತಗ್ಗಿಸಿ, ಎದೆಯೊತ್ತಿ ಅದನ್ನು ಆಚೆಗೆ ತಳ್ಳಿಯೇಬಿಟ್ಟಿತು!

ತಿನ್ನೋಕೆ ಏನೂ ಸಿಗದೆ ಬೆಂಕಿ ಮೋರೆ ತಿರುಗಿಸಿಕೊಂಡು ಹೋದ.

ಹೊಗೆ ತಿಳಿಯಾಯಿತು. ಸಿಳ್ಳಾರದ ತಲೆ, ಎದೆ ಕೆಂಡದ ಬಣ್ಣ. ಬೆನ್ನೆಲ್ಲ ಬೂದಿ. ಬಿಳಿ ಉಳಿದದ್ದು ಕೆನ್ನೆ, ಗಂಟಲಲ್ಲಿ ಮಾತ್ರ. ಕೆನ್ನೆಯ ಮೇಲೂ ಕಣ್ಣೀರಿಗೆ ಮಸಿ ಹತ್ತಿ ಕಪ್ಪು ಪಟ್ಟೆ.

"ಅಯ್ಯೋ, ನಿನ್ನ ಬಿಳಿಯೆಲ್ಲ ಹೋಯ್ತಲ್ಲೇ!" ಎಂದಳು ಆಮೆಯಕ್ಕ.

"ಮೊಟ್ಟೆ?"

"ತಣ್ಣಗಿವೆ. ಇನ್ನು ಮರದ ಮೇಲೆ ಹೋಗಿ ಕೂರು, ತಾಯಿ."

"ಮರ ಎಲೆ ಉದುರಿಸೋದು ಬಿಡುತ್ತಾ?" ಎಂದು ಸಿಳ್ಳಾರ ಇನ್ನೊಂದು ಎಲೆ ಎತ್ತಿತು. ಅವತ್ತಿನಿಂದ ಅದು ನೆಲಸಿಳ್ಳಾರ.

ಕಾಡಿನಲ್ಲಿ ಸರಕ್ ಸರಕ್ ಸದ್ದು ಕೇಳಿದರೆ ನಿಂತು ನೋಡು ಮಗಾ. ನೆಲಸಿಳ್ಳಾರ ತರಗೆಲೆ ಎತ್ತುತ್ತಿರುತ್ತೆ. ಹುಳ ಹುಡುಕುತ್ತಿದೆ ಅಂತಾರೆ. ಸಿಕ್ಕರೆ ತಿನ್ನುತ್ತೆ, ಬಿಡುತ್ತಾ? ಆದರೆ ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಎಲೆ ಎತ್ತಿ ಎಸೆಯುತ್ತಲ್ಲ, ಅದು ಮಾತ್ರ ಯಾರದೋ ಮೊಟ್ಟೆಗಾಗಿ.