ತುಂಬಿ ನೋಡಿದ ಜಾಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವುದು ನನಗೆ ಇದೇ ಮೊದಲು. ಇಂಥ ಕಥೆಗಳನ್ನು ನಾಲ್ಕೇ ಮಾತಿನಲ್ಲಿ ಮುಗಿಸಬೇಕಂತೆ. ನನಗೆ ನಾಲ್ಕು ಮಾತು ಪೀಠಿಕೆಗೇ ಸಾಲುವುದಿಲ್ಲ.

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ಸಂಗಯ್ಯ. ಹಳೆಯ ತಾಳೆಗರಿಗಳ ಫೋಟೊ ತೆಗೆದು ಕಾಪಾಡುವುದು ಅವರ ಕಾಯಕ.

ಇಲ್ಲಿ ಸ್ವಲ್ಪ ವಿವರಿಸಬೇಕು. ತೆಗೆದ ಫೋಟೊಗಳು ಆ ಕೋಣೆಯಲ್ಲೇ ಉಳಿಯುವುದಿಲ್ಲ. ತಂತಿಯ ಮೂಲಕ ನೇರವಾಗಿ ಹಿಂದಿನ ಕೋಣೆಯಲ್ಲಿರುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಹೋಗುತ್ತವೆ. ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಫೋಲ್ಡರು, ಒಂದೊಂದು ಫೋಲ್ಡರಿಗೂ ಒಂದು ಮಿತಿ. ಒಬ್ಬರ ಕೆಲಸ ಎಲ್ಲರ ಜಾಗ ನುಂಗಬಾರದಲ್ಲ, ಅದಕ್ಕೆ. ತಾಳೆಗರಿಯ ಫೋಲ್ಡರಿಗೆ ಎಷ್ಟು ಮಿತಿ ಹಾಕಿದ್ದರೆಂದು ಮಾತ್ರ ಯಾರಿಗೂ ನೆನಪಿರಲಿಲ್ಲ.

ಒಂದು ಬೆಳಿಗ್ಗೆ ಬಾಳವ್ವ ಎಂಬ ಮುದುಕಿ ಫೋಟೊ ಕೋಣೆಗೆ ಒಂದು ಕಟ್ಟು ತಂದಳು. ದನಗಳ ಔಷಧ ಬರೆದ ಗರಿಗಳು, ನೂರೆಂಬತ್ತು. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದವು.

“ಒಂದ ಸಲ ಬಿಚ್ಚೋದು,” ಅಂದಳು. “ನಡುವ ನಿಂತ್ರ ಪುಡಿ ನಿಮಗ, ಪಾಪ ನನಗ.”

ಅಜ್ಜಾರು ಸಂಗಯ್ಯನ ಕಡೆ ತಿರುಗಿದರು. “ಮೂವತ್ತು ಜಿಬಿ ಬೇಕಾಗ್ತೈತಿ. ಜಾಗಾ ಐತೇನು ನೋಡು.”

ಸಂಗಯ್ಯ ಹಿಂದಿನ ಕೋಣೆಗೆ ಹೋಗಿ ಎರಡೇ ನಿಮಿಷದಲ್ಲಿ ಬಂದ.

“ನಾಕು ಸಾವಿರ ಜಿಬಿ ಅಂತ ತೋರಸ್ತೈತ್ರಿ ಅಜ್ಜಾರ. ಊರ ಗರಿ ಎಲ್ಲಾ ತಂದ್ರೂ ಹಿಡಿಸ್ತಾವ.”

“ಕೇಳಿ ಬಂದ್ಯೋ, ತುಂಬಿ ಬಂದ್ಯೋ?”

“ಕೇಳಿದ್ನಿರಿ.”

“ತುಂಬಿ ಬಾ.”

ಸಂಗಯ್ಯ ಮತ್ತೆ ಹೋದ. ಸರ್ವರಿನ ಮುಂದೆಯೇ ಸ್ಟೂಲು ಹಾಕಿಕೊಂಡು ಕುಳಿತು, ಕೆಲಸಕ್ಕೆ ಬಾರದ ಐವತ್ತು ಜಿಬಿ ಫೈಲುಗಳನ್ನು ಆ ಫೋಲ್ಡರಿಗೆ ಸುರಿದ. ಎಲ್ಲವೂ ಹಿಡಿಸಿದವು. ಅಳಿಸಿ ಬಂದ.

“ತುಂಬಿದ್ನಿರಿ. ಒಂದ ಮಾತು ಅನಲಿಲ್ಲ.”

“ಯಾರ ಹೆಸರಿಲೆ ತುಂಬಿದಿ?”

“ನನ್ನ ಹೆಸರಿಲೆ, ಅಡ್ಮಿನ್ ಅಂತ.”

ಇದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಕಥೆ ತಿಳಿಯುವುದಿಲ್ಲ. ಮಿತಿ ಇರುವುದು ಬೇರೆಯವರಿಗೆ. ಎಲ್ಲ ನೋಡಿಕೊಳ್ಳುವ ಅಡ್ಮಿನ್ ಬಂದರೆ ಆ ಸರ್ವರು ಲೆಕ್ಕವನ್ನೇ ಕೇಳುತ್ತಿರಲಿಲ್ಲ.

ಅಜ್ಜಾರು ಎದ್ದರು. ಹಿಂದಿನ ಕೋಣೆಗೆ ಹೋಗಿ ಸಂಗಯ್ಯನ ಸ್ಟೂಲನ್ನು ತಾವೇ ಎತ್ತಿಕೊಂಡು, ಫೋಟೊ ಕೋಣೆಗೆ ನಡೆದು, ಬಾಳವ್ವನ ಪಕ್ಕದಲ್ಲಿ ಇಟ್ಟರು.

ಬಾಳವ್ವ ನಕ್ಕಳು. “ಬಾರಪಾ ಸಾಹೇಬ. ನಮ್ಮ ಸಾಲಿನ್ಯಾಗ ಕುಂದ್ರು.”

ಸಂಗಯ್ಯ ಕುಳಿತ. ಅಲ್ಲಿನ ಕಂಪ್ಯೂಟರಿನಲ್ಲಿ ಗರಿ ತರುವವರಿಗಾಗಿ ಇದ್ದ ಸಾಮಾನ್ಯ ಹೆಸರಿನಲ್ಲಿ ಒಳಗೆ ಹೋದ. ಅಲ್ಲಿಯೂ ತೆರೆಯ ಮೇಲೆ ನಾಲ್ಕು ಸಾವಿರವೇ ಇತ್ತು. ತುಂಬತೊಡಗಿದ. ಎರಡು ಜಿಬಿ, ಐದು, ಎಂಟು.

ಹತ್ತಕ್ಕೆ ನಿಂತಿತು. ‘ಜಾಗವಿಲ್ಲ’ ಅಂದಿತು.

ಮೇಲೆ ಮಾತ್ರ ನಾಲ್ಕು ಸಾವಿರ ಹಾಗೇ ಇತ್ತು.

ಮೊದಲ ಮಾತಿಗೇ ಕಟ್ಟು ಬಿಚ್ಚಿದ್ದರೆ ಅರವತ್ತನೆಯ ಗರಿಯ ಹೊತ್ತಿಗೆ ಎಲ್ಲ ನಿಲ್ಲುತ್ತಿತ್ತು.

“ಸುಳ್ಳ ಹೇಳತೈತ್ರಿ ಇದು!” ಅಂದ ಸಂಗಯ್ಯ.

“ಸುಳ್ಳಲ್ಲೋ,” ಅಂದರು ಅಜ್ಜಾರು. “ಮನಿ ಎಷ್ಟ ದೊಡ್ಡದು ಅಂತ ಕೇಳಿದಿ, ಹೇಳಿತು. ಈ ಅವ್ವನ ಪಾಲಿಗೆ ಎಷ್ಟು ಅಂತ ಯಾವಾಗ ಕೇಳಿದಿ?”

ಸಂಗಯ್ಯ ಹಿಂದಿನ ಕೋಣೆಗೆ ಹೋಗಿ ಸರ್ವರಿನಲ್ಲಿ ಹುಡುಕಿದ. ಕೇಳಿದವರಿಗೆ ಇಡೀ ಡಿಸ್ಕಿನ ಅಳತೆ ಹೇಳಬೇಡ, ಅವರ ಪಾಲಿನ ಅಳತೆ ಹೇಳು ಅನ್ನುವ ಒಂದು ಸೆಟ್ಟಿಂಗ್ ಸಿಕ್ಕಿತು. ಹಾಕಿದ. ತೆರೆಯ ಮೇಲೆ ಈಗ ಹತ್ತು ಬಂತು. ಮಿತಿಯನ್ನು ಅರವತ್ತಕ್ಕೆ ಏರಿಸಿದ. ಅರವತ್ತು ಬಂತು. ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕುಳಿತು, ಅದೇ ಸಾಮಾನ್ಯ ಹೆಸರಿನಲ್ಲಿ ತುಂಬಿದ. ಅರವತ್ತಕ್ಕೆ ಸರಿಯಾಗಿ ‘ಜಾಗವಿಲ್ಲ’ ಅಂದಿತು. ಆ ಮಾತು ಕೇಳಿ ಅಷ್ಟು ಸಂತೋಷಪಟ್ಟವನು ಅವನೊಬ್ಬನೇ ಇರಬೇಕು.

“ಬಿಚ್ಚೂಣೇನ್ರಿ ಅಜ್ಜಾರ?”

“ತುಂಬಿದ್ದು ತಗಿ ಮೊದಲ,” ಅಂದಳು ಬಾಳವ್ವ. “ನನ್ನ ಗರಿ ನಿನ್ನ ಕಸದ ಮ್ಯಾಲ ಇಡ್ತೀಯೇನು?”

ಸಂಗಯ್ಯ ನಾಲಿಗೆ ಕಚ್ಚಿಕೊಂಡು ಎಲ್ಲ ಅಳಿಸಿದ.

ಕಟ್ಟು ಬಿಚ್ಚಿದರು. ಒಂದೊಂದು ಗರಿ ಎತ್ತುವಾಗಲೂ ಬಾಳವ್ವ ಉಸಿರು ಹಿಡಿಯುತ್ತಿದ್ದಳು. ಕೆಲವು ಅವಳ ಬೆರಳಲ್ಲೇ ಮುರಿದವು, ಆದರೆ ಫೋಟೊ ಆದ ಮೇಲೆ. ಸಂಜೆಯೊಳಗೆ ನೂರೆಂಬತ್ತೂ ಒಳಗೆ ಸೇರಿದವು. ಅವಳು ತೆರೆಯ ಮೇಲಿನ ಕೊನೆಯ ಗರಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಬಾಳವ್ವ ಬಸ್ಸಿಗೆ ಹೋದ ಮೇಲೆ ಸಂಗಯ್ಯ ಸ್ಟೂಲು ಎತ್ತಿಕೊಂಡ.

“ಅಜ್ಜಾರ, ಈಗ ಖರೇ ಅಳತೆ ತೋರಸ್ತೈತಿ. ಇನ್ನ ತುಂಬಿ ನೋಡೋದು ಬ್ಯಾಡಲ್ರಿ?”

“ನಾಳೆ ಗರಿ ತರೋರು ಯಾರು?”

“ಗೊತ್ತಿಲ್ರಿ.”

“ಹಂಗಾರ ಸ್ಟೂಲು ಇಲ್ಲೇ ಇರ್ಲಿ. ಅವರು ಬಂದಾಗ ಅವರ ಹೆಸರಿಲೆ ತುಂಬಿ ನೋಡು.”

ಇದರ ಅರ್ಥವನ್ನೂ ಬಿಡಿಸಿ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲನೆಯದಾಗಿ, ಹೆಸರು ಅಂದರೆ ಅಜ್ಜಾರ ಮನಸ್ಸಿನಲ್ಲಿ ಇದ್ದದ್ದು ಏನೆಂದರೆ, ನಾವು ಯಾರಿಗಾಗಿ— ಹಾಂ, ಬಂದೆ ಬಂದೆ! ಯಾರೋ ಕರೆಯುತ್ತಿದ್ದಾರೆ.