ನಾಯಿ ಕುಡಿದ ಬಿಳಿ ಮದ್ದು

“ಗುರುಗಳೇ, ಹೊಟ್ಟೆಕಿಚ್ಚು ಅನ್ನುತ್ತಾರಲ್ಲ, ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆಯೇ?” ಎಂದು ಪಂಪಾಪತಿ ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಗುರುಗಳು ತಾವು ಹೊದೆಯುತ್ತಿದ್ದ ಶಾಲನ್ನು ಮೌನೇಶನಿಗೆ ಕೊಟ್ಟಿದ್ದರು. ಮೌನೇಶ ಮಠಕ್ಕೆ ಬಂದದ್ದು ಮೊನ್ನೆ ಮೊನ್ನೆ. ಪಂಪಾಪತಿಯೋ, ಮೀಸೆ ಮೂಡುವ ಮೊದಲಿನಿಂದ ಅಲ್ಲೇ ಇದ್ದವನು. ಅವನ ಹೊಟ್ಟೆ ಧಗಧಗ ಉರಿಯಿತು. ಅಷ್ಟರಲ್ಲಿ ಶಾಲು ಕಾಣೆಯಾಯಿತು. ಎಲ್ಲರಿಗಿಂತ ಜೋರಾಗಿ ಹುಡುಕಾಡಿದವನು ಪಂಪಾಪತಿಯೇ. ಅಂದಿನಿಂದ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಗುರುಗಳು ಗೋಡೆಗೆ ಒರಗಿ ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೊಂದು ನಾಯಿ. ಅಂಗಡಿಗೂ ಅದೇ, ಮನೆಗೂ ಅದೇ, ಅದರ ದರ್ಬಾರೇ ದರ್ಬಾರು. ಒಂದು ದಿನ ವ್ಯಾಪಾರಿ ಒಂದು ಮರಿಯನ್ನು ತಂದ. ಮುದ್ದೆಲ್ಲ ಮರಿಯ ಪಾಲಾಯಿತು. ಅದಕ್ಕೆ ಆಡಲು ಹಳೆಯ ಉಣ್ಣೆ ಸುತ್ತಿ ಚೆಂಡು ಬೇರೆ ಮಾಡಿಕೊಟ್ಟ. ನಾಯಿ ಮೂಲೆಯಲ್ಲಿ ಕೂತು ನೋಡಿತು. ನೋಡಿ ನೋಡಿ ಬೆಂದುಹೋಯಿತು.

ಆಮೇಲೆ ನಾಯಿ ಅನ್ನ ಬಿಟ್ಟಿತು. ತಿಂದದ್ದೆಲ್ಲ ಕಕ್ಕಿತು. ಪಕ್ಕೆಲುಬು ಎದ್ದು ಕಂಡವು. ಸಾಯುತ್ತದೆಂದು ಹೆದರಿದ ವ್ಯಾಪಾರಿ ಅದನ್ನು ಹೊತ್ತುಕೊಂಡು ಪಶುವೈದ್ಯನ ಬಳಿ ಓಡಿದ.

“ಇದಕ್ಕೆ ಹೊಟ್ಟೆಕಿಚ್ಚು, ಡಾಕ್ಟ್ರೇ. ಮರಿಯನ್ನು ಯಾರಿಗಾದರೂ ಕೊಟ್ಟುಬಿಡ್ತೀನಿ, ಇದೊಂದು ಉಳಿದರೆ ಸಾಕು.”

“ತಡೀರಿ, ಆ ಪಾಪದ ಮರಿ ಏನು ಮಾಡಿತು? ಮೊದಲು ಹೊಟ್ಟೆ ನೋಡೋಣ” ಎಂದ ವೈದ್ಯ.

ಎಕ್ಸ್-ರೇ ತೆಗೆದರು. ಎಲುಬುಗಳೆಲ್ಲ ಬೆಳ್ಳಗೆ ಕಂಡವು. ಹೊಟ್ಟೆ, ಕರುಳು ಮೆತ್ತಗಿನ ವಸ್ತು ನೋಡು; ಒಂದರೊಳಗೊಂದು ಕಲೆತು ಬರೀ ಮಬ್ಬು. ಆಗ ವೈದ್ಯ ಬೇರಿಯಂ ಎಂಬ ಬಿಳಿ ಮದ್ದನ್ನು ಕಲಸಿ ನಾಯಿಗೆ ಕುಡಿಸಿದ. ಸುಣ್ಣದ ತಿಳಿಯಂಥ ಮದ್ದು. ಎಕ್ಸ್-ರೇ ಅದನ್ನು ದಾಟಲಾರದು, ಹಾಗಾಗಿ ಅದು ಹೋದ ದಾರಿಯೆಲ್ಲ ಚಿತ್ರದಲ್ಲಿ ಮೂಡುತ್ತದೆ. ಮತ್ತೆ ಚಿತ್ರ ತೆಗೆದರು. ಅನ್ನನಾಳ ಕಂಡಿತು, ಜಠರದ ಒಂದೊಂದು ಮಡಿಕೆಯೂ ಕಂಡಿತು. ಜಠರದಿಂದ ಕರುಳಿಗೆ ಇಳಿಯುವ ಬಾಯಿಯಲ್ಲಿ ಮದ್ದು ನಿಂತುಬಿಟ್ಟಿತ್ತು. ಅಲ್ಲಿ, ಬಿಳುಪಿನ ನಡುವೆ, ಕಪ್ಪಗೆ ಒಂದು ಉಂಡೆ.

ಕೊಯ್ದು ತೆಗೆದರೆ, ಮರಿಯ ಉಣ್ಣೆ ಚೆಂಡು!

“ತಗೊಳ್ಳಿ, ನಿಮ್ಮ ನಾಯಿಯ ಹೊಟ್ಟೆಕಿಚ್ಚು” ಎಂದು ವೈದ್ಯ ಅದನ್ನು ವ್ಯಾಪಾರಿಯ ಕೈಗಿಟ್ಟ. ನಾಯಿ ಬದುಕಿತು. ಮರಿಯೂ ಮನೆಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಕ್ಕೆ ಬಂದ ನಗು.

“ಅಯ್ಯೋ, ಎಂಥ ಮಂಕು ನಾಯಿ, ಗುರುಗಳೇ! ಆ ಚೆಂಡು ಅರಗುವುದೂ ಇಲ್ಲ, ಹೊಟ್ಟೆ ಸೇರಿದ ಮೇಲೆ ಆಡಲೂ ಆಗುವುದಿಲ್ಲ. ನುಂಗಿ ಅದು ಕಂಡ ಸುಖವೇನು?”

ಗುರುಗಳು ತೆರೆದ ಕಿಟಕಿಯನ್ನು ಮುಚ್ಚಿ ಬಂದು ಕೂತರು.

“ಚಳಿ ಹಿಡಿಯಿತಲ್ಲೋ ಪಂಪಾಪತಿ, ಆ ಶಾಲನ್ನು ನೀನಾದರೂ ಹೊದೆಯುವ ಹಾಗಿದೆಯೇನಪ್ಪ?”